ಕಂಪ್ಯೂಟರಿಗೂ ಬೇಕು ತಾಲೀಮು



ಹಬ್ಬಕ್ಕೆ ನಾಟಕ ಆಡುವ ಮುಂಚೆ ನಮ್ಮೂರಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದಲ್ಲವೇ? ಮಾತು ಮರೆತವನಿಗೆ ಹಾರ್ಮೋನಿಯಂ ಮೇಷ್ಟ್ರು ಬೈಯೋದೆಲ್ಲ ಅಲ್ಲೇ. ವೆಬ್ ಅಪ್ಲಿಕೇಶನ್ನಿಗೂ ಇಂಥದೇ ತಾಲೀಮು ಬೇಕು. ಶಾಲೆಯ ಗ್ರಂಥಾಲಯದ ಲೆಕ್ಕಕ್ಕೆ ಒಂದು ಅಪ್ಲಿಕೇಶನ್ ಮಾಡುವಾಗ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು

ನಾವು ನೋಡುವ ಬ್ರೌಸರ್ ‘ಈ ಪುಟ ಕೊಡು’ ಎಂದು ಕೇಳುತ್ತದೆ. ಕೇಳಿದ್ದನ್ನು ಕೊಡುವುದು ಸರ್ವರ್. ಸಾಮಾನ್ಯವಾಗಿ ಸರ್ವರ್ ದೂರದ ಊರಲ್ಲಿರುತ್ತದೆ. ತಾಲೀಮಿನಲ್ಲಿ ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. 127.0.0.1 ಎಂಬುದು ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಅಂದ್ರೆ ನಮ್ಮ ಮನೆಗೆ ನಾವೇ ಕಾಗದ ಬರೆದ ಹಾಗೆ! ಅದನ್ನು ಲೋಕಲ್‌ಹೋಸ್ಟ್ ಎಂದೂ ಕರೆಯುತ್ತಾರೆ.

ಮಾಡುವ ಕ್ರಮ

ನಾವು ಬಳಸಿದ್ದು ಪೈಥಾನ್ ಭಾಷೆ ಮತ್ತು ಜಾಂಗೋ. ಜಾಂಗೋ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಒಂದು ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

1. ಪೈಥಾನ್ ಹಾಕಿದ ಮೇಲೆ ‘ವೆನ್ವ್’ ಎಂಬ ಸಾಧನದಿಂದ ಈ ಕೆಲಸಕ್ಕೇ ಒಂದು ಬೇರೆ ಕೋಣೆ ಮಾಡಿಕೊಳ್ಳಬೇಕು. ಆಗ ಬೇರೆ ಕೆಲಸದ ಸಾಮಾನು ಇದರೊಳಗೆ ಬೆರೆಯುವುದಿಲ್ಲ.
2. ‘ಪಿಪ್’ ಮೂಲಕ ಜಾಂಗೋ ತರಿಸಬೇಕು. ಇದಕ್ಕೆ ಮಾತ್ರ ಇಂಟರ್ನೆಟ್ ಬೇಕು. ಆಮೇಲೆ ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ.
3. ‘ಸ್ಟಾರ್ಟ್‌ಪ್ರಾಜೆಕ್ಟ್’ ಆಜ್ಞೆ ಕೊಟ್ಟರೆ ಬೇಕಾದ ಕಡತಗಳು ಸಿದ್ಧವಾಗುತ್ತವೆ.
4. ‘ಮೈಗ್ರೇಟ್’ ಎಂದರೆ ಲೆಕ್ಕ ಬರೆಯುವ ಕೋಷ್ಟಕಗಳು ತಯಾರಾಗುತ್ತವೆ. ಅವೆಲ್ಲ ಎಸ್‌ಕ್ಯೂಲೈಟ್ ಎಂಬ ಒಂದೇ ಕಡತದಲ್ಲಿರುತ್ತವೆ.
5. ‘ರನ್‌ಸರ್ವರ್’ ಎಂದು ಕೊಟ್ಟು, ಬ್ರೌಸರಿನಲ್ಲಿ 127.0.0.1:8000 ಬರೆಯಬೇಕು. ಒಂದು ರಾಕೆಟ್ ಚಿತ್ರ ಬರುತ್ತದೆ. ಬಂದರೆ ಗೆದ್ದೆವು! ಕೊನೆಯ 8000 ಎಂಬುದು ಆ ಮನೆಯ ಒಂದು ಬಾಗಿಲ ಸಂಖ್ಯೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿ ಒಟ್ಟಿಗೆ ಒತ್ತಬೇಕು.

ನನ್ನ ತಪ್ಪು

ನಮ್ಮ ನಿಯಮ ಹೀಗಿತ್ತು: ಪುಸ್ತಕ 14 ದಿನ ಇಟ್ಟುಕೊಳ್ಳಬಹುದು, ಆಮೇಲೆ ದಿನಕ್ಕೆ 1 ರೂಪಾಯಿ ದಂಡ. ನಾನು ಬರೀ ತಾರೀಖು ಕಳೆದು, ತಿಂಗಳನ್ನು ಬಿಟ್ಟಿದ್ದೆ. ಉತ್ತರದಲ್ಲಿ ಋಣ ಚಿಹ್ನೆ ಬಂದರೆ ಅದನ್ನೂ ತೆಗೆದುಹಾಕುತ್ತಿದ್ದೆ! ಜೂನ್ 28ಕ್ಕೆ ಒಯ್ದು ಜುಲೈ 5ಕ್ಕೆ ತಂದರೆ ನಿಜವಾಗಿ 7 ದಿನ. ನನ್ನ ಲೆಕ್ಕದಲ್ಲಿ 23 ದಿನ, ದಂಡ 9 ರೂಪಾಯಿ. ಸರಿಯಾಗಿ ಪುಸ್ತಕ ತಂದುಕೊಟ್ಟ ಆರನೇ ತರಗತಿಯ ಹುಡುಗಿಗೆ ಹೀಗೆ ದಂಡ ಬಿದ್ದಿದ್ದರೆ? ‘ಕಂಪ್ಯೂಟರ್ ಸುಳ್ಳು ಹೇಳುತ್ತಾ?’ ಎಂದು ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಅವಳು ಮತ್ತೆ ಗ್ರಂಥಾಲಯದ ಕಡೆ ತಲೆ ಹಾಕುತ್ತಿರಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳಲಿಲ್ಲ, ನಾನು ಹೇಳಿಕೊಟ್ಟ ತಪ್ಪನ್ನೇ ಹೇಳಿತು.

ಪರೀಕ್ಷೆ

ತಪ್ಪನ್ನು ತಿದ್ದಿ, ಪರೀಕ್ಷೆಗಳನ್ನೂ ಬರೆದಿಟ್ಟೆವು. 7 ದಿನಕ್ಕೆ ದಂಡ 0, 14 ದಿನಕ್ಕೂ 0, 15 ದಿನಕ್ಕೆ 1 ರೂಪಾಯಿ ಬರಬೇಕು. ‘ಟೆಸ್ಟ್’ ಆಜ್ಞೆ ಕೊಟ್ಟರೆ ಜಾಂಗೋ ಎಲ್ಲವನ್ನೂ ತಾನೇ ನೋಡುತ್ತದೆ. ಇದಕ್ಕಾಗಿ ಬೇರೆ ಲೆಕ್ಕದ ಪುಸ್ತಕ ತೆರೆದು, ಮುಗಿದ ಮೇಲೆ ಅಳಿಸುತ್ತದೆ. ನಮ್ಮ ನಿಜವಾದ ಲೆಕ್ಕ ಕೆಡುವುದಿಲ್ಲ. ಏನೇ ತಿದ್ದಿದರೂ ಈ ಪರೀಕ್ಷೆ ಮತ್ತೆ ನಡೆಸಬೇಕು.

ಎಚ್ಚರಿಕೆ: ರನ್‌ಸರ್ವರ್ ತಾಲೀಮಿಗೆ ಮಾತ್ರ. ಊರಿಗೆಲ್ಲ ತೆರೆಯುವಾಗ ಬೇರೆ ಗಟ್ಟಿ ಸರ್ವರ್ ಬೇಕು. ‘ಡಿಬಗ್’ ಅನ್ನು ತಪ್ಪದೆ ಆರಿಸಬೇಕು, ಇಲ್ಲದಿದ್ದರೆ ಒಳಗಿನ ವಿಷಯ ಹೊರಗಿನವರಿಗೂ ಕಾಣುತ್ತದೆ.

ನಿಮಗೊಂದು ಪ್ರಶ್ನೆ: ಜುಲೈ 30ಕ್ಕೆ ಒಯ್ದ ಪುಸ್ತಕವನ್ನು ಆಗಸ್ಟ್ 14ಕ್ಕೆ ತಂದರೆ ದಂಡ ಎಷ್ಟು? ನನ್ನ ಹಳೆಯ ತಪ್ಪು ಲೆಕ್ಕದಲ್ಲಿ ಎಷ್ಟು ಬರುತ್ತಿತ್ತು? ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡಿ.

— ಹತ್ತನೇ ತರಗತಿಯ ವಿದ್ಯಾರ್ಥಿ