ಹಳೆಯ ರೈಲುಚಿತ್ರಗಳನ್ನು ಓದುವ ಬಗೆ

ಅಕ್ಷರ ಬಲ್ಲವರು ಪುಸ್ತಕವನ್ನು ಓದಬಲ್ಲರು. ಆದರೆ ಚಿತ್ರವನ್ನು ಓದುವುದಕ್ಕೂ ಒಂದು ಕಲಿಕೆ ಬೇಕೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಹಳೆಯ ಛಾಯಾಚಿತ್ರವೊಂದು ಕೈಗೆ ಸಿಕ್ಕಿದಾಗ ಕ್ಷಣಕಾಲ ನೋಡಿ, ಮೆಚ್ಚಿ, ಕೆಳಗಿಟ್ಟುಬಿಡುತ್ತೇವೆ. ಚಿತ್ರ ನಮಗೆ ಹೇಳಬೇಕೆಂದಿದ್ದುದರಲ್ಲಿ ನೂರರಲ್ಲಿ ಒಂದು ಪಾಲೂ ಆಗ ನಮ್ಮ ಕಿವಿಗೆ ಬಿದ್ದಿರುವುದಿಲ್ಲ.

ಬೊರಿವಲಿಯಲ್ಲಿ ವಾಸಿಸುವ ನಮಗೆ ರೈಲುಗಾಡಿ ಅನ್ನ ನೀರಿನಷ್ಟೇ ನಿತ್ಯದ ವಸ್ತು. ನಮ್ಮ ಹಿರಿಯರಲ್ಲಿ ಅನೇಕರು ಕನ್ನಡನಾಡಿನಿಂದ ಈ ನಗರಕ್ಕೆ ಬಂದುದೂ ರೈಲಿನಲ್ಲಿಯೇ. ಆದುದರಿಂದ ಹಳೆಯ ರೈಲುಚಿತ್ರಗಳು ನಮಗೆ ಕೇವಲ ವಿನೋದದ ಸಾಮಗ್ರಿಗಳಲ್ಲ. ಅವು ನಮ್ಮ ಮನೆತನಗಳ ಚರಿತ್ರೆಯ ಹಾಳೆಗಳು. ಆ ಹಾಳೆಗಳನ್ನು ಓದುವ ಬಗೆ ಹೇಗೆ ಎಂಬುದನ್ನು ಈ ಪಾಠದಲ್ಲಿ ವಿಚಾರಮಾಡೋಣ.

ನಿಂತ ಗಾಡಿಗಳ ಚಿತ್ರಗಳು

ಭಾರತದ ಮೊದಲ ಪ್ರಯಾಣಿಕರ ರೈಲು 1853ನೆಯ ಇಸವಿಯ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟಿತೆಂಬುದನ್ನು ನೀವೆಲ್ಲರೂ ಓದಿದ್ದೀರಿ. ಹದಿನಾಲ್ಕು ಡಬ್ಬಿಗಳು, ಸುಮಾರು ನಾನೂರು ಮಂದಿ ಅತಿಥಿಗಳು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು. ಆ ಕಾಲದ ಛಾಯಾಚಿತ್ರಗಳನ್ನು ಹುಡುಕಿ ನೋಡಿದರೆ ಒಂದು ವಿಶೇಷ ಕಾಣಬರುತ್ತದೆ. ಅವುಗಳಲ್ಲಿ ಓಡುವ ಗಾಡಿಗಳೇ ಇಲ್ಲ. ಸೇತುವೆಗಳಿವೆ, ಸುರಂಗಗಳಿವೆ, ನಿಂತ ಎಂಜಿನುಗಳಿವೆ. ಎಂಜಿನಿನ ಮುಂದೆ ಕಂಬದಂತೆ ಅಲುಗಾಡದೆ ನಿಂತ ಮನುಷ್ಯರಿದ್ದಾರೆ.

ಇದಕ್ಕೆ ಕಾರಣ ಅಂದಿನ ಕ್ಯಾಮರಾದಲ್ಲಿದೆ. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಹಲಗೆಗೆ ರಾಸಾಯನಿಕ ದ್ರವವನ್ನು ಸವರಿ, ಅದು ಒಣಗುವ ಮೊದಲೇ ಚಿತ್ರವನ್ನು ತೆಗೆದು ಸಂಸ್ಕರಿಸಬೇಕಾಗಿತ್ತು. ಬೆಳಕು ಹಲಗೆಯ ಮೇಲೆ ಮೂಡಲು ಹಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಅಷ್ಟರಲ್ಲಿ ಚಲಿಸಿದುದೆಲ್ಲವೂ ಮಂಜಿನಂತೆ ಮಸುಕಾಗುತ್ತಿತ್ತು. ಹಳೆಯ ಚಿತ್ರದ ಒಂದು ಮೂಲೆಯಲ್ಲಿ ಅರ್ಧ ಮನುಷ್ಯನಂತಹ ಮಸುಕು ಕಂಡರೆ ಅದು ದೆವ್ವವಲ್ಲ. ಹೇಳಿದ ಮಾತು ಕೇಳದೆ ನಡುವೆ ಕದಲಿದ ಯಾರೋ ಒಬ್ಬರು! ಆ ದೊಡ್ಡ ಗಾಜಿನ ಹಲಗೆಗಳಲ್ಲಿ ಒಂದು ಸುಗುಣವೂ ಇತ್ತು. ಅವುಗಳಿಂದ ತೆಗೆದ ಪ್ರತಿಗಳನ್ನು ಭೂತಗನ್ನಡಿಯಿಂದ ನೋಡಿದರೆ ಕಲ್ಲಿನ ಸಂದು, ರುಮಾಲಿನ ಮಡಿಕೆ ಮೊದಲಾದ ಸೂಕ್ಷ್ಮಗಳೂ ಕಾಣುತ್ತವೆ.

ನಮ್ಮ ಮುಂಬಯಿಯ ನೆರೆಯ ಬೋರ್ ಘಾಟಿನ ಚಿತ್ರಗಳು ಈ ಬಗೆಯವು. ಘಟ್ಟದ ರೈಲುಮಾರ್ಗವನ್ನು ಕಟ್ಟುವ ಗುತ್ತಿಗೆಯನ್ನು ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಎಂಬವನು 1859ರಲ್ಲಿ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಪತ್ನಿ ಆಲಿಸ್ ಟ್ರೆಡ್‌ವೆಲ್ ಊರಿಗೆ ಹಿಂದಿರುಗಲಿಲ್ಲ. ಗುತ್ತಿಗೆಯ ಹೊಣೆಯನ್ನು ತಾನೇ ಹೊತ್ತು, ಎಂಜಿನಿಯರುಗಳ ಮೂಲಕ ಕೆಲಸವನ್ನು ನಡೆಯಿಸಿದಳು. ಆ ಕಾಮಗಾರಿಯ ಛಾಯಾಚಿತ್ರಗಳನ್ನೂ ತೆಗೆದಳು. 1863ರಲ್ಲಿ ಮಾರ್ಗ ಸಿದ್ಧವಾಯಿತು.

ಆ ಕಾಮಗಾರಿ ಬಿರುಸಾಗಿದ್ದ 1861ರಲ್ಲಿ 40,000ಕ್ಕೂ ಹೆಚ್ಚು ಮಂದಿ ಘಟ್ಟದಲ್ಲಿ ದುಡಿಯುತ್ತಿದ್ದರು. ಕಾಲರಾ ಮೊದಲಾದ ರೋಗಗಳಿಂದಲೂ ಅಪಘಾತಗಳಿಂದಲೂ ಸಾವಿರಾರು ಜನ ಅಲ್ಲಿಯೇ ಮಡಿದರು. ಅಂದಿನ ರೈಲುಕಾಮಗಾರಿಗಳ ಚಿತ್ರಗಳಲ್ಲಿ ಇಂತಹ ಕೂಲಿಗಳು ಇದ್ದಾರೆಯೆ? ಇದ್ದಾರೆ, ಸೇತುವೆಯ ಎತ್ತರವೆಷ್ಟೆಂಬುದನ್ನು ತೋರಿಸುವ ಸಣ್ಣ ಚುಕ್ಕೆಗಳಾಗಿ. ಚಿತ್ರದ ಕೆಳಗೆ ಸೇತುವೆಯ ಹೆಸರನ್ನು ಬರೆದಿಟ್ಟರು; ಚುಕ್ಕೆಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ನಮ್ಮ ಬೊರಿವಲಿಯ ಸಾಕ್ಷ್ಯ

ಪಶ್ಚಿಮದ ಮಾರ್ಗವನ್ನು ಹಾಕಿದುದು ಬಾಂಬೆ, ಬರೋಡಾ ಮತ್ತು ಸೆಂಟ್ರಲ್ ಇಂಡಿಯಾ ರೈಲ್ವೆ ಎಂಬ ಕಂಪನಿ. ಜನ ಅದನ್ನು ಬಿ.ಬಿ.ಸಿ.ಐ. ಎಂದು ಕರೆಯುತ್ತಿದ್ದರು. 1867ರ ಏಪ್ರಿಲ್ 12ರಂದು ವಿರಾರಿನಿಂದ ಬ್ಯಾಕ್‌ಬೇ ನಿಲ್ದಾಣಕ್ಕೆ ಮೊದಲ ಲೋಕಲ್ ಗಾಡಿ ಓಡಿತು. ದಿನಕ್ಕೆ ಒಂದೇ ಗಾಡಿ; ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗುತ್ತಿತ್ತು. ಅದು ನಿಲ್ಲುವ ಊರುಗಳ ಪಟ್ಟಿಯಲ್ಲಿ ನಮ್ಮ ಬೊರಿವಲಿಯ ಹೆಸರು 'ಬೆರೀವ್ಲಾ' ಎಂಬಂತೆಯೂ, ಅಂಧೇರಿಯ ಹೆಸರು 'ಅಂದಾರು' ಎಂಬಂತೆಯೂ, ಗೋರೆಗಾಂವ್ 'ಪಹಾಡಿ' ಎಂದೂ ಇದ್ದವು.

1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿಯವರೆಗೆ ವಿದ್ಯುತ್ ಗಾಡಿಗಳು ಪ್ರಾರಂಭವಾದವು. 1936ರಲ್ಲಿ ವಿದ್ಯುತ್ತು ವಿರಾರನ್ನು ಮುಟ್ಟಿತು. ಅಂದರೆ ಎಂಟು ವರ್ಷಗಳ ಕಾಲ ವಿದ್ಯುತ್ ಮಾರ್ಗದ ಕೊನೆಯ ನಿಲ್ದಾಣವೇ ನಮ್ಮ ಬೊರಿವಲಿ. 1930ರ ಕೊನೆಯಲ್ಲಿ ಕೊಲಾಬಾ ನಿಲ್ದಾಣ ಮುಚ್ಚಿತು. ಅದೇ ಡಿಸೆಂಬರಿನಲ್ಲಿ ಬಾಂಬೆ ಸೆಂಟ್ರಲ್ ತೆರೆಯಿತು. 1951ರ ನವೆಂಬರ್ 5ರಂದು ಬಿ.ಬಿ.ಸಿ.ಐ. ಹೋಗಿ ಪಶ್ಚಿಮ ರೈಲ್ವೆ ಬಂದಿತು. ಆಗ ಬೊರಿವಲಿ ಇನ್ನೂ ನಗರದ ಹೊರಗಿನ ಊರು. 1957ರಲ್ಲಿ ಅದು ಬೃಹನ್ಮುಂಬಯಿಗೆ ಸೇರಿತು. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿಗಳ ನಡುವೆ ಮಹಿಳೆಯರಿಗಾಗಿಯೇ ವಿಶೇಷ ಗಾಡಿ ಹೊರಟಿತು. 2017ರ ಡಿಸೆಂಬರ್ 25ರಂದು ದೇಶದ ಮೊದಲ ಹವಾನಿಯಂತ್ರಿತ ಲೋಕಲ್ ಗಾಡಿಯೂ ಬೊರಿವಲಿಯಿಂದಲೇ ಹೊರಟಿತು.

ಈ ಇಸವಿಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಇವು ಬೀಗದ ಕೈಗಳಿದ್ದಂತೆ. ಚಿತ್ರಗಳನ್ನು ತೆರೆಯಲು ಇವುಗಳನ್ನು ಬಳಸಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಳೆಯ ಟ್ರಂಕಿನಿಂದ ಒಂದು ಚಿತ್ರ ಹೊರಬಿದ್ದಿದೆ. ಪ್ಲಾಟ್‌ಫಾರಮಿನ ಮೇಲೆ ನಾಲ್ವರು ಯುವಕರು ನಿಂತಿದ್ದಾರೆ. ಹಿಂದೆ ಒಂದು ಲೋಕಲ್ ಗಾಡಿ. ಹೆಸರಿಲ್ಲ, ತಾರೀಖಿಲ್ಲ. ಗಾಡಿಯ ನೆತ್ತಿಯ ಮೇಲೆ ತಂತಿ ಹಾದುಹೋಗಿದೆ. ಆದುದರಿಂದ ಚಿತ್ರ 1928ಕ್ಕಿಂತ ಹಿಂದಿನದಲ್ಲ. ಡಬ್ಬಿಯ ಮೈಮೇಲೆ ಬಿ.ಬಿ.ಸಿ.ಐ. ಎಂಬ ಅಕ್ಷರಗಳಿವೆ, ಆದುದರಿಂದ 1951ಕ್ಕಿಂತ ಬಹಳ ಈಚಿನದೂ ಅಲ್ಲ. ನೋಡಿದಿರಾ? ಒಂದು ಮಾತನ್ನೂ ಆಡದ ಚಿತ್ರ ಎರಡು ಗುರುತುಗಳಿಂದ ತನ್ನ ವಯಸ್ಸನ್ನು ಹೇಳಿಬಿಟ್ಟಿತು.

ಇಲ್ಲಿ 'ಬಹಳ ಈಚಿನದಲ್ಲ' ಎಂದೆವೇ ಹೊರತು '1951ಕ್ಕೆ ಮೊದಲಿನದು' ಎಂದು ಖಂಡಿತವಾಗಿ ಹೇಳಲಿಲ್ಲ. ಕಂಪನಿಯ ಹೆಸರು ಬದಲಾದ ಮರುದಿನವೇ ಎಲ್ಲ ಡಬ್ಬಿಗಳಿಗೂ ಹೊಸ ಬಣ್ಣ ಬಳಿಯಲು ಸಾಧ್ಯವೆ? ಗುರುತು ಏನನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬ ವಿವೇಚನೆಯೇ ಚರಿತ್ರೆಯ ವಿದ್ಯಾರ್ಥಿಯ ಲಕ್ಷಣ.

ಇಂತಹ ಗುರುತುಗಳು ಇನ್ನೂ ಅನೇಕ ಇವೆ. ಡಬ್ಬಿಯ ಮೇಲೆ ಮೂರನೆಯ ದರ್ಜೆಯ ಗುರುತಿದ್ದರೆ ಅದು 1974ರಲ್ಲಿ ಆ ದರ್ಜೆ ರದ್ದಾಗುವುದಕ್ಕೆ ಮುಂಚಿನ ಡಬ್ಬಿ. ದುಂಡು ಮೂತಿಯ ಮೇಲೆ ನಕ್ಷತ್ರವನ್ನು ಬರೆದ ಡಬ್ಲ್ಯು.ಪಿ. ಎಂಬ ಉಗಿ ಎಂಜಿನ್ ಕಂಡರೆ ಚಿತ್ರ 1947ರ ಅನಂತರದ್ದು. ನಿಲ್ದಾಣದ ಫಲಕದಲ್ಲಿ ವಿಕ್ಟೋರಿಯಾ ಟರ್ಮಿನಸ್ ಎಂದಿದ್ದರೆ ಅದು 1996ರ ಹಿಂದಿನ ಹೆಸರು. ಎಲ್ಫಿನ್‌ಸ್ಟನ್ ರೋಡ್ ಎಂದಿದ್ದರೆ 2018ರ ಹಿಂದಿನದು.

ಕನ್ನಡನಾಡಿನ ದಾರಿಗಳು

ಮುಂಬಯಿಯ ಚಿತ್ರಗಳಿಂದ ಈಗ ನಮ್ಮ ಹಿರಿಯರು ಗಾಡಿ ಹತ್ತಿದ ಊರುಗಳ ಚಿತ್ರಗಳತ್ತ ತಿರುಗೋಣ. 1871ರಲ್ಲಿ ಮುಂಬಯಿಯಿಂದ ಹೊರಟ ಮಾರ್ಗವೂ ಮದರಾಸಿನಿಂದ ಹೊರಟ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಕಲಬುರಗಿ, ರಾಯಚೂರುಗಳ ಜನಕ್ಕೆ ಮುಂಬಯಿಗೆ ನೇರವಾದ ದಾರಿ ದೊರೆಯಿತು. ಧಾರವಾಡ, ಬೆಳಗಾವಿಗಳ ಕಡೆಯವರದು ಬೇರೆ ಕಥೆ. ಅವರ ಸೀಮೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದುದು ಮೀಟರ್ ಗೇಜ್ ಹಳಿ. ಆದುದರಿಂದ ಅವರು ಪುಣೆಯಲ್ಲಿ ಗಾಡಿಯಿಂದಿಳಿದು, ಗಂಟು ಮೂಟೆಗಳನ್ನು ಹೊತ್ತು, ಮುಂಬಯಿಯ ದೊಡ್ಡ ಗಾಡಿಯನ್ನು ಹತ್ತಬೇಕಾಗಿತ್ತು. ಕೆಲವು ದಶಕಗಳ ಅನಂತರ ಈ ಬದಲಾವಣೆ ಮೀರಜಿಗೆ ಸರಿಯಿತು. ಮೂರು ಬಗೆಯ ಅಳತೆಯ ಹಳಿಗಳೂ ಒಂದೆಡೆ ಇದ್ದ ಅಪೂರ್ವ ನಿಲ್ದಾಣ ಆ ಮೀರಜು.

ಚಿತ್ರದಲ್ಲಿ ಈ ಭೇದವನ್ನು ಗುರುತಿಸುವುದು ಹೇಗೆ? ಬ್ರಾಡ್ ಗೇಜಿನಲ್ಲಿ ಎರಡು ಹಳಿಗಳ ನಡುವಣ ಅಂತರ 1676 ಮಿಲಿಮೀಟರು, ಎಂದರೆ ಹೆಚ್ಚುಕಡಮೆ ಒಬ್ಬ ಮನುಷ್ಯನ ಎತ್ತರ. ಮೀಟರ್ ಗೇಜಿನಲ್ಲಿ ಅದು 1000 ಮಿಲಿಮೀಟರು, ಎಂದರೆ ಮನುಷ್ಯನ ಸೊಂಟದ ಮಟ್ಟ. ಹಳಿಗಳ ಬಳಿ ಒಬ್ಬ ಕೆಲಸಗಾರ ನಿಂತಿದ್ದರೆ ಸಾಕು, ಅವನೇ ನಮಗೆ ಅಳತೆಯ ಕೋಲು.

ಕರಾವಳಿಯವರ ಮನೆಗಳಲ್ಲಿ ಮಂಗಳೂರಿನಿಂದ ಮುಂಬಯಿಗೆ ಹೊರಟ ಹಳೆಯ ರೈಲಿನ ಚಿತ್ರ ಸಿಗದಿದ್ದರೆ ಆಶ್ಚರ್ಯಪಡಬೇಡಿರಿ. ಮಂಗಳೂರಿಗೆ 1907ರಲ್ಲಿಯೇ ರೈಲು ಬಂದಿತ್ತು. ಆದರೆ ಅದು ಮಲಬಾರಿನ ಕಡೆಗೆ, ಮದರಾಸಿನ ಕಡೆಗೆ ಹೋಗುವ ರೈಲು. ಮುಂಬಯಿಗೆ ಹೊರಟವರು ಹಡಗನ್ನೋ, ಘಟ್ಟ ಹತ್ತುವ ಬಸ್ಸನ್ನೋ ನೆಚ್ಚಿಕೊಂಡಿದ್ದರು. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತ ಅನೇಕ ಬಾಲಕರು ಬಂದುದು ಹೀಗೆಯೇ. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದುದು 1998ರ ಜನವರಿಯಲ್ಲಿ. ಚಿತ್ರ ಇಲ್ಲದಿರುವುದೂ ಒಂದು ಸಾಕ್ಷ್ಯವೇ ಎಂಬುದನ್ನು ಇದರಿಂದ ತಿಳಿಯಬಹುದು.

ಎಚ್ಚರಿಕೆಯ ಮಾತು

ಚಿತ್ರವೂ ಸುಳ್ಳು ಹೇಳಬಲ್ಲದು. ಕೆಳಗೆ ಬರೆದ ವಿವರಣೆ ತಪ್ಪಾಗಿರಬಹುದು. ಕಪ್ಪು ಬಿಳುಪಿನ ಚಿತ್ರಕ್ಕೆ ಈಚೆಗೆ ಯಾರೋ ಮನಬಂದಂತೆ ಬಣ್ಣ ತುಂಬಿರಬಹುದು. ಈಗಂತೂ ಎಂದೂ ಇಲ್ಲದ ಗಾಡಿಯನ್ನು, ಎಂದೂ ಇಲ್ಲದ ಜನರನ್ನು ಹಳೆಯ ಚಿತ್ರದಂತೆಯೇ ರಚಿಸಿಕೊಡುವ ಗಣಕಯಂತ್ರಗಳು ಬಂದಿವೆ. ಮೊಬೈಲಿಗೆ 'ಭಾರತದ ಮೊದಲ ರೈಲು' ಎಂಬ ಚಿತ್ರವೊಂದು ಬಂದರೆ ತಲೆದೂಗುವ ಮೊದಲು ಕೇಳಿರಿ: ಮೇಲೆ ವಿದ್ಯುತ್ ತಂತಿ ಇದೆಯೆ? ವೇಗವಾಗಿ ಓಡುವ ಗಾಡಿ ಇಷ್ಟು ಸ್ಪಷ್ಟವಾಗಿ ಮೂಡಲು ಅಂದು ಸಾಧ್ಯವಿತ್ತೆ? ಫಲಕದ ಅಕ್ಷರಗಳನ್ನು ಓದಲು ಬರುತ್ತದೆಯೆ? ಈ ಪಾಠವನ್ನು ಓದಿದವರನ್ನು ಅಂತಹ ಚಿತ್ರ ಸುಲಭವಾಗಿ ಮೋಸಗೊಳಿಸಲಾರದು.

ಚಿತ್ರದ ಬೆನ್ನು

ತಂತಿ, ಹಳಿ, ಎಂಜಿನುಗಳಿಂದ ಚಿತ್ರದ ಕಾಲವನ್ನು ತಿಳಿಯಬಹುದು, ಸ್ಥಳವನ್ನೂ ಊಹಿಸಬಹುದು. ಆದರೆ ಆ ನಾಲ್ವರು ಯುವಕರು ಯಾರು? ಎಷ್ಟೇ ದೊಡ್ಡ ಪಂಡಿತನಾದರೂ ಇದನ್ನು ಹಳಿ ನೋಡಿ ಹೇಳಲಾರ. ಇದನ್ನು ಹೇಳಬಲ್ಲವರು ಅವರನ್ನು ಕಂಡವರು ಮಾತ್ರ: ನಮ್ಮ ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರತ್ತೆ, ನೆರೆಮನೆಯ ಹಿರಿಯರು. ಅವರಿರುವಾಗ ಕೇಳದಿದ್ದರೆ ಚಿತ್ರ ಉಳಿಯುತ್ತದೆ, ಮನುಷ್ಯ ಅಳಿಯುತ್ತಾನೆ. ಘಟ್ಟದಲ್ಲಿ ದುಡಿದವರ ಹೆಸರನ್ನು ಅಂದಿನವರು ಬರೆದಿಡಲಿಲ್ಲವೆಂದು ನಾವು ಮರುಗುತ್ತೇವೆ. ನಮ್ಮ ಮನೆಯವರೇ ಹೆಸರಿಲ್ಲದ ಚುಕ್ಕೆಗಳಾಗುವುದನ್ನು ನಾವು ನೋಡುತ್ತ ಕೂತರೆ ಆ ಮರುಕಕ್ಕೆ ಏನು ಅರ್ಥ?

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಮನೆಯ ಒಂದಾದರೂ ಹಳೆಯ ಚಿತ್ರವನ್ನು ಹಿರಿಯರ ಮುಂದಿಟ್ಟು ಈ ಐದು ಪ್ರಶ್ನೆಗಳನ್ನು ಕೇಳಿರಿ:

1. ಚಿತ್ರದಲ್ಲಿರುವವರು ಎಡದಿಂದ ಬಲಕ್ಕೆ ಯಾರು ಯಾರು?
2. ಇದು ಯಾವ ಊರು, ಯಾವ ನಿಲ್ದಾಣ?
3. ಯಾವ ವರ್ಷ? ವರ್ಷ ನೆನಪಿಲ್ಲದಿದ್ದರೆ ಯಾರ ಮದುವೆಗೆ, ಯಾರ ಜನನಕ್ಕೆ ಮೊದಲು ಅಥವಾ ಅನಂತರ?
4. ಎಲ್ಲಿಂದ ಎಲ್ಲಿಗೆ, ಏಕೆ ಹೊರಟಿದ್ದರು?
5. ಕೈಯಲ್ಲಿ ಏನಿತ್ತು? ಊರಿನಿಂದ ಏನನ್ನು ಕಟ್ಟಿಕೊಂಡು ಬಂದರು?

ಐದನೆಯ ಪ್ರಶ್ನೆಯನ್ನು ಬಿಡಬೇಡಿರಿ. ಹಿರಿಯರ ಬಾಯಿ ಬಿಡಿಸುವ ಪ್ರಶ್ನೆ ಅದು. ಇಸವಿಯನ್ನು ಮರೆತವರೂ ಬುತ್ತಿಯನ್ನು ಮರೆತಿರುವುದಿಲ್ಲ.

ದೊರೆತ ಉತ್ತರವನ್ನು ಚಿತ್ರದ ಹಿಂಭಾಗದ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನಿಂದ ಬರೆದರೆ ಮುಂಭಾಗದಲ್ಲಿ ಗೀರು ಮೂಡುತ್ತದೆ. ಚಿತ್ರವನ್ನು ಅಂಚಿನಲ್ಲಿ ಹಿಡಿಯಿರಿ, ಒದ್ದೆ ಬಟ್ಟೆಯಿಂದ ಒರಸಬೇಡಿರಿ, ಅಂಟುಪಟ್ಟಿ ಹಚ್ಚಬೇಡಿರಿ. ನಮ್ಮ ಮುಂಬಯಿಯ ಮಳೆಗಾಲ ಚಿತ್ರಗಳಿಗೆ ಶತ್ರು. ಗೋಡೆಗೆ ತಾಗಿದ ಕಪಾಟಿನಲ್ಲಿ ಅವುಗಳಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲಿನ ದಿನ ಕಿಟಕಿಯ ಬೆಳಕಿನಲ್ಲಿ ಮುಂಭಾಗ, ಹಿಂಭಾಗ ಎರಡನ್ನೂ ಮೊಬೈಲಿನಲ್ಲಿ ಪ್ರತಿ ತೆಗೆದಿಡಿರಿ. ಪ್ರತಿ ಇದೆಯೆಂದು ಮೂಲವನ್ನು ಬಿಸಾಡದಿರಿ.

ಊರಿಗೆ ಹೋದಾಗ ಮೈಸೂರಿನ ರೈಲು ವಸ್ತುಸಂಗ್ರಹಾಲಯವನ್ನು ನೋಡಿಬನ್ನಿರಿ. 1979ರಲ್ಲಿ ಸ್ಥಾಪಿತವಾದ ಅಲ್ಲಿ 1899ರ ಮಹಾರಾಣಿಯವರ ಸಲೂನು ಗಾಡಿಯಿದೆ. ಚಾಮುಂಡಿ ಗ್ಯಾಲರಿಯಲ್ಲಿ ರೈಲಿನ ಬೆಳವಣಿಗೆಯನ್ನು ತೋರಿಸುವ ಚಿತ್ರಗಳಿವೆ. 2020ರಲ್ಲಿ ಹುಬ್ಬಳ್ಳಿಯಲ್ಲಿಯೂ ಇಂತಹ ಸಂಗ್ರಹಾಲಯ ತೆರೆಯಿತು. ರಾಣಿಯ ಗಾಡಿಯನ್ನು ಕಾಯಲು ಸರ್ಕಾರವಿದೆ. ಮೂರನೆಯ ದರ್ಜೆಯಲ್ಲಿ ಬಂದ ನಮ್ಮ ಅಜ್ಜನ ಚಿತ್ರವನ್ನು ಕಾಯಲು ನಾವೇ ಇರಬೇಕು; ಅದಕ್ಕೆ ಬೇಕಾದುದು ಒಂದು ಪೆನ್ಸಿಲು, ಒಂದು ಪ್ರಶ್ನೆ, ಹಿರಿಯರ ಬಳಿ ಕೂರುವ ಅರ್ಧ ಗಂಟೆ.