ಡೇರಿಗೆ ಹಾಕಿದ ಮೇಲೆ ಮನೆಯ ಮಕ್ಕಳಿಗೆ ಉಳಿಯುವ ಹಾಲೆಷ್ಟು?



ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು, ಮೊದಲ ವಾರಗಳಲ್ಲಿ ದಿನಕ್ಕೆ ಅದರ ತೂಕದ ಹತ್ತನೇ ಒಂದು ಭಾಗ ಹಾಲು ಕೊಡಬೇಕು ಎಂಬುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬಹುಪಾಲು ಸದಸ್ಯರಿಗೆ ತಿಳಿದ ವಿಷಯ. ಕರುವಿನ ಪಾಲೆಷ್ಟು ಎಂದರೆ ಲೆಕ್ಕ ಹೇಳುತ್ತೀರಿ. ಅದೇ ಮನೆಯ ಮೂರು ವರ್ಷದ ಮಗುವಿನ ಪಾಲೆಷ್ಟು ಎಂದರೆ ಹಲವರು ಸುಮ್ಮನಾಗುತ್ತಾರೆ. ಪಶುವೈದ್ಯರಿಗೆ ಈ ವಿಚಾರವೇಕೆ ಎನ್ನಬೇಡಿ. ಒಂದೇ ಹಸುವಿರುವ ಮನೆಯಲ್ಲಿ ಹಸುವಿನ ಆರೋಗ್ಯ, ಮನೆಯ ವರಮಾನ, ಮಗುವಿನ ಬೆಳವಣಿಗೆ ಮೂರೂ ಒಂದೇ ಗೂಟಕ್ಕೆ ಕಟ್ಟಿದವು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆ. ಈ ತೊಂದರೆ ಎಲ್ಲ ಮನೆಗಳಲ್ಲಿ ಸಮನಾಗಿಲ್ಲ. ಬಡ ಕುಟುಂಬ, ಓದದ ತಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮನೆಗಳಲ್ಲಿ ಹೆಚ್ಚು. ಎತ್ತರ ಕುಂಠಿತವಾಗುವುದು ಮುಖ್ಯವಾಗಿ ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷಗಳಲ್ಲಿ. ಆಮೇಲೆ ಎಷ್ಟು ತಿನ್ನಿಸಿದರೂ ಪೂರ್ತಿ ತುಂಬಿಕೊಳ್ಳುವುದು ಕಷ್ಟ.

"ಮಕ್ಕಳಿಗೆ ಹಾಲು ಉಳಿಸಿಕೊಳ್ಳಿ" ಎಂದು ಹೇಳುವುದು ಸುಲಭ. ಅದರ ಬೆಲೆಯನ್ನೂ ನೋಡೋಣ. ಲೆಕ್ಕಕ್ಕಾಗಿ ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಅರ್ಧ ಲೀಟರ್ ಉಳಿಸಿದರೆ ತಿಂಗಳ ಬಟವಾಡೆಯಲ್ಲಿ 600 ರೂಪಾಯಿ ಕಡಿಮೆ. ಐದಾರು ರಾಸು, ಬೋರ್‌ವೆಲ್, ಹಿಪ್ಪುನೇರಳೆ ತೋಟ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಜಮೀನಿಲ್ಲದೆ ಬದುವಿನ ಹುಲ್ಲು ಕೊಯ್ದು ಒಂದು ಹಸು ಸಾಕುವವರಿಗೆ ಅದು ಪಶು ಆಹಾರದ ದುಡ್ಡು, ಇಲ್ಲವೇ ಸಾಲದ ಕಂತು. ಆದ್ದರಿಂದ ಬಡವರ ಮನೆಯಲ್ಲಿ ಮಗುವಿಗೆ ಹಾಲಿಲ್ಲ ಎಂದರೆ ತಾಯಿಗೆ ತಿಳಿವಳಿಕೆ ಇಲ್ಲವೆಂದು ಬೈಯುವುದು ಸರಿಯಲ್ಲ. ಆದರೂ ಒಂದು ಲೋಟ, ಅಂದರೆ 200 ಮಿ.ಲೀ. ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 240 ಮಿಲಿಗ್ರಾಂ ಸುಣ್ಣದಂಶ ಇದೆ. ಆ ದುಡ್ಡಿಗೆ ಅಂಗಡಿಯ ಬಿಸ್ಕತ್ತಿನಲ್ಲಿ ಇಷ್ಟು ಸಿಗದು.

ಹಾಲಿನಲ್ಲಿ ಕಬ್ಬಿಣದಂಶ ಬಹಳ ಕಡಿಮೆ ಎಂಬುದು ನೆನಪಿರಲಿ. ರಕ್ತಹೀನತೆಗೆ ಹಾಲೊಂದೇ ಸಾಲದು. ರಾಗಿ, ಹುರುಳಿ, ಸೊಪ್ಪು, ಮೊಟ್ಟೆ, ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಔಷಧಿ ಬೇಕು. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು. ವರ್ಷ ತುಂಬುವ ಮೊದಲು ತಾಯಿಹಾಲಿನ ಬದಲಿಗೆ ಹಸುವಿನ ಹಾಲನ್ನು ಕುಡಿಸಬಾರದು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿಗಳಲ್ಲಿ 18 ಗ್ರಾಂ ಪುಡಿಯಿಂದ 150 ಮಿ.ಲೀ. ಹಾಲು ಮಾಡಿ ಕೊಡುತ್ತಾರೆ. ನಾವು ಡೇರಿಗೆ ಹಾಕಿದ ಹಾಲು ಹೀಗೆ ಪುಡಿಯಾಗಿ ಮಕ್ಕಳಿಗೆ ಮರಳುತ್ತದೆ, ಒಳ್ಳೆಯದು. ಅಂಗನವಾಡಿಗೆ ಇನ್ನೂ ಹೋಗದ ಕೂಸಿಗೆ ಮಾತ್ರ ಮನೆಯೇ ಗತಿ.

ಇನ್ನು ನನ್ನ ಕಸುಬಿನ ಮಾತು. ಕರು ಹಾಕುವ ಮುಂಚೆ ಎರಡು ತಿಂಗಳು ಹಸುವನ್ನು ಬತ್ತಿಸಲೇಬೇಕು. ಒಂದೇ ಹಸುವಿನ ಮನೆಯಲ್ಲಿ ಆ 60 ದಿನ ಬಟವಾಡೆಯೂ ಇಲ್ಲ, ಮಗುವಿಗೆ ಹಾಲೂ ಇಲ್ಲ. ಬೆದೆ ಒಮ್ಮೆ ತಪ್ಪಿದರೆ ಇನ್ನೂ 21 ದಿನ ಕಾಯಬೇಕು. ನಾಲ್ಕು ಸಲ ತಪ್ಪಿದರೆ ಸುಮಾರು ಮೂರು ತಿಂಗಳು. ಆ ನಷ್ಟವನ್ನು ದೊಡ್ಡ ರೈತ ಇನ್ನೊಂದು ಹಸುವಿನ ಹಾಲಿನಿಂದ ತುಂಬಿಕೊಳ್ಳುತ್ತಾನೆ, ಬಡವರ ಮನೆಯಲ್ಲಿ ಮಕ್ಕಳು ತುಂಬುತ್ತಾರೆ. ಕರು ಹಾಕಿದ ಎರಡರಿಂದ ಮೂರು ತಿಂಗಳೊಳಗೆ ಬೆದೆ ನೋಡಿ ಗರ್ಭಧಾರಣೆ ಮಾಡಿಸಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಎರಡು ರಾಸು ಇದ್ದರೆ ಒಂದು ಬತ್ತಿದಾಗ ಇನ್ನೊಂದು ಕರೆಯುವಂತೆ ಮುಂದುಹಿಂದು ಮಾಡಿಕೊಳ್ಳಿ.

ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಪಶು ಆಹಾರ ಹೆಚ್ಚಿಸುತ್ತೀರಿ, ಖನಿಜ ಮಿಶ್ರಣ ಹಾಕುತ್ತೀರಿ. ಅದೇ ಕೊಟ್ಟಿಗೆಯ ಸಗಣಿ ಬಾಚುವ ಬಸುರಿ ಸೊಸೆ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ರಾಜ್ಯದಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಸಮೀಕ್ಷೆ. ಮೇವು ತರುವುದು, ಹಾಲು ಕರೆಯುವುದು ಹೆಂಗಸರಾದರೂ ಪಾಸ್‌ಬುಕ್ಕು ಗಂಡಸಿನ ಹೆಸರಿನಲ್ಲಿ! ತಾಯಿಯ ಕೈಗೆ ಬಂದ ಹಣ ಮಕ್ಕಳ ಹೊಟ್ಟೆಗೆ ಬೇಗ ತಲುಪುತ್ತದೆ. ಮಹಿಳಾ ಸಂಘಗಳಲ್ಲಿ ಇದನ್ನು ಕಂಡಿದ್ದೇವೆ. ಸದಸ್ಯತ್ವ ಅವರ ಹೆಸರಿಗೆ ಮಾಡಿಸಿ.

ಸಂಘದ ಕ್ಯಾನಿನಲ್ಲಿ ಎಲ್ಲ ಬೀದಿಯ ಹಾಲೂ ಒಂದಾಗುತ್ತದೆ. ನಲ್ಲಿ ನೀರು, ಚರಂಡಿ ಮಾತ್ರ ಹಲವು ಊರುಗಳಲ್ಲಿ ಕಾಲೋನಿಗೆ ಕೊನೆಗೆ ತಲುಪುತ್ತವೆ. ಭೇದಿ ಹಿಡಿದ ಕರುವಿಗೆ ತಿಂದದ್ದು ಹತ್ತುವುದಿಲ್ಲವಲ್ಲ, ಮಗುವಿಗೂ ಹಾಗೆಯೇ. ಸಂಘದ ಧರ್ಮಾರ್ಥ ನಿಧಿಯ ಮಾತು ಬಂದಾಗ ಆಡಳಿತ ಮಂಡಳಿಯವರು ಕಮಾನು ಕಟ್ಟಿಸುವುದಕ್ಕಿಂತ ಆ ಬೀದಿಯ ನೀರಿನ ತೊಟ್ಟಿಯನ್ನು ಮೊದಲು ನೋಡಲಿ ಎಂಬುದು ನನ್ನ ಅಭಿಪ್ರಾಯ.

ವರಮಾನ ಕೈಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ರಾಮನಗರ, ಮಾಗಡಿಯ ರೇಷ್ಮೆ ಕಸುಬಿನಲ್ಲಿ ಸಾಲದ ಮುಂಗಡಕ್ಕೆ ಮಕ್ಕಳನ್ನು ದುಡಿಮೆಗೆ ಬಿಟ್ಟದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಗೂಡು ಬೇಯಿಸುವ ಬಿಸಿ ನೀರಿನಲ್ಲಿ ಆ ಮಕ್ಕಳ ಕೈ ಹುಣ್ಣಾಗುತ್ತಿತ್ತು. 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರಲ್ಲಿ ಕಾನೂನು ತಿದ್ದುಪಡಿಯಾಯಿತು. ತಪ್ಪದೆ ಬರುವ ಹಾಲಿನ ಬಟವಾಡೆ ಇದ್ದರೆ ಅಂಥ ಮುಂಗಡಕ್ಕೆ ಕೈಚಾಚುವ ಸಂದರ್ಭ ಕಡಿಮೆ.

ಕೊನೆಯದಾಗಿ, ಉಳಿಸಿಕೊಂಡ ಹಾಲನ್ನು ಉಕ್ಕಿ ಬರುವಂತೆ ಕಾಯಿಸಿಯೇ ಕುಡಿಸಿ. ಹಸಿ ಹಾಲಿನಿಂದ ಕ್ಷಯ, ಕಂದು ರೋಗ ಬರಬಹುದು. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಅತ್ತ ಬಿಡಬೇಡಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕಿಸಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.