ಮನೆಯ ಲೆಕ್ಕದ ಪುಸ್ತಕ ಇಬ್ಬರ ಕೈಯಲ್ಲಿರಲಿ



ಯೇಸುಸ್ವಾಮಿಯೂ ಅವರ ಶಿಷ್ಯರೂ ಊರೂರು ಸುತ್ತುತ್ತಿದ್ದಾಗ ಅವರ ಊಟದ ಖರ್ಚನ್ನು ಯಾರು ನೋಡಿಕೊಳ್ಳುತ್ತಿದ್ದರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಅಪರೂಪ. ಉತ್ತರ ಶುಭಸಂದೇಶದಲ್ಲಿಯೇ ಇದೆ. ಮಗ್ದಲದ ಮರಿಯ, ಹೆರೋದನ ಅಧಿಕಾರಿ ಕೂಜನ ಪತ್ನಿ, ಸುಸನ್ನ ಮೊದಲಾದ ಸ್ತ್ರೀಯರು ತಮ್ಮ ಸ್ವಂತ ಆಸ್ತಿಯಿಂದ ಅವರಿಗೆ ನೆರವಾಗುತ್ತಿದ್ದರೆಂದು ಸಂತ ಲೂಕರು ತಿಳಿಸುತ್ತಾರೆ (ಲೂಕ 8:1-3). ಆ ಗುಂಪಿಗೆಲ್ಲ ಸೇರಿದ ಒಂದು ಹಣದ ಚೀಲವೂ ಇತ್ತು. ಕಡೆಯ ಭೋಜನದ ರಾತ್ರಿ ಯೂದನು ಎದ್ದು ಹೊರಟಾಗ, ಹಬ್ಬದ ಸಾಮಾನು ತರಲು ಹೋಗುತ್ತಿದ್ದಾನೋ ಬಡವರಿಗೆ ಏನಾದರೂ ಕೊಡಲು ಹೋಗುತ್ತಿದ್ದಾನೋ ಎಂದು ಕೆಲವರು ಭಾವಿಸಿದರು (ಯೊವಾನ್ನ 13:29). ಅಂದರೆ ಮನೆಯ ಅಗತ್ಯ ಮತ್ತು ಬಡವರ ಪಾಲು ಎರಡೂ ಆ ಒಂದೇ ಚೀಲದಿಂದ ಹೋಗುತ್ತಿದ್ದವು.

ಆ ಚೀಲ ಯೂದನೊಬ್ಬನ ಕೈಯಲ್ಲಿತ್ತು. ಅವನು ಅದರಿಂದ ಕದಿಯುತ್ತಿದ್ದನೆಂದು ಸಂತ ಯೊವಾನ್ನರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ (12:6). ಆದರೆ ಕಡೆಯ ರಾತ್ರಿಯವರೆಗೂ ಉಳಿದವರಿಗೆ ಸಂಶಯ ಬಂದಂತೆ ಕಾಣುವುದಿಲ್ಲ. ಇದನ್ನು ನೆನಪಿಸುವುದು ಯಾರನ್ನೂ ಯೂದನಿಗೆ ಹೋಲಿಸುವುದಕ್ಕಲ್ಲ. ಒಬ್ಬರ ಕೈಯಲ್ಲೇ ಇದ್ದು ಇನ್ನೊಬ್ಬರು ಎಂದೂ ಬಿಚ್ಚಿ ನೋಡದ ಚೀಲ ಯಾವ ಮನೆಯಲ್ಲಿದ್ದರೂ ಅಪಾಯ, ಹಿಡಿದವರು ಎಷ್ಟೇ ಒಳ್ಳೆಯವರಾಗಿದ್ದರೂ ಸರಿಯೇ.

ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆಂಬುದು ನಿಮಗೇ ಗೊತ್ತು. ಗಂಡ ಯಾರ ಬಳಿಯೋ ಕೈಸಾಲ ಮಾಡಿರುತ್ತಾನೆ. ಹೆಂಡತಿ ಕೊರಗುತ್ತಾಳೆಂದು ಹೇಳಿರುವುದಿಲ್ಲ. ಹೆಂಡತಿ ಸಂಘದಲ್ಲಿ ಸಾಲ ಎತ್ತಿ ತವರಿನ ತಮ್ಮನ ಮದುವೆಗೆ ಕೊಟ್ಟಿರುತ್ತಾಳೆ. ಗಂಡನ ಕೋಪಕ್ಕೆ ಹೆದರಿ ಮುಚ್ಚಿಟ್ಟಿರುತ್ತಾಳೆ. ಇಬ್ಬರದೂ ಕೆಟ್ಟ ಮನಸ್ಸಲ್ಲ. ಆದರೆ ಒಂದು ಭಾನುವಾರ ಪೂಜೆಗೆ ಹೊರಡುವ ಹೊತ್ತಿಗೆ ಕಂತು ಕೇಳುವವರು ಬಾಗಿಲಲ್ಲಿ ನಿಲ್ಲುತ್ತಾರೆ. ಸಾಲದ ಮೊತ್ತಕ್ಕಿಂತಲೂ ‘ನನಗೊಂದು ಮಾತು ಹೇಳಲಿಲ್ಲವಲ್ಲ’ ಎಂಬ ನೋವೇ ಆ ದಿನ ದೊಡ್ಡದಾಗುತ್ತದೆ. ಸಾಲವನ್ನು ಎರಡು ವರ್ಷದಲ್ಲಿ ತೀರಿಸಬಹುದು. ಈ ನೋವು ಅಷ್ಟರಲ್ಲಿ ತೀರುವುದಿಲ್ಲ.

ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಬರೆಯುವ, ಇಬ್ಬರೂ ತೆರೆದು ನೋಡುವ ಒಂದು ಲೆಕ್ಕದ ಪುಸ್ತಕ ಮನೆಯಲ್ಲಿರಬೇಕೆಂಬುದು ಈ ಪಾಠದ ಮಾತು. ಹಣ ಉಳಿಸುವುದು ಅದರ ಎರಡನೆಯ ಲಾಭ.

ನೂರು ಪುಟದ ಸಾಧಾರಣ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು. ತಾರೀಖು, ವಿಷಯ, ಮೊತ್ತ, ಇಷ್ಟೇ. ಅದನ್ನು ಬೀರುವಿನೊಳಗೆ ಬೀಗ ಹಾಕಿ ಇಡಬೇಡಿ, ಅಡುಗೆಮನೆಯ ಗೂಡಿನಲ್ಲಿ ಪೆನ್ನಿನ ಸಮೇತ ಇಡಿ. ಮೊದಲ ತಿಂಗಳು ಯಾವ ಖರ್ಚನ್ನೂ ಕಡಿಮೆ ಮಾಡಲು ಹೋಗಬೇಡಿ, ಬರೀ ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಮೊದಲ ವಾರವೇ ‘ಇಷ್ಟೊಂದು ಸಕ್ಕರೆ ಏಕೆ, ಇಷ್ಟೊಂದು ಪೆಟ್ರೋಲ್ ಏಕೆ’ ಎಂದು ತನಿಖೆ ಶುರುವಾದರೆ ಎರಡನೆಯ ವಾರದಿಂದ ಇಬ್ಬರೂ ಸುಳ್ಳು ಬರೆಯತೊಡಗುತ್ತಾರೆ.

ಈಗ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ನಗರದ ಅಂಚಿನಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ತಿಂಗಳಿಗೆ ರೂ. 13,000 ತರುತ್ತಾರೆ. ತಂದೆಯದು ಪೇಂಟಿಂಗ್ ಕೆಲಸ, ದಿನಕ್ಕೆ ರೂ. 900. ಬೇಸಿಗೆಯಲ್ಲಿ ತಿಂಗಳಿಗೆ ಇಪ್ಪತ್ತು ದಿನ ಕೆಲಸ ಸಿಕ್ಕರೆ ರೂ. 18,000. ಮಳೆಗಾಲದಲ್ಲಿ ಹೊರಗೋಡೆಗೆ ಬಣ್ಣ ಹೊಡೆಯುವಂತಿಲ್ಲ. ಹನ್ನೆರಡು ದಿನ ಕೆಲಸ ಸಿಕ್ಕರೆ ರೂ. 10,800. ‘ನಿಮ್ಮ ಮನೆಯ ವರಮಾನ ಎಷ್ಟು’ ಎಂದು ಕೇಳಿದರೆ ಇವರು 31,000 ಎನ್ನುತ್ತಾರೆ. ಎಲ್ಲರೂ ಹೀಗೆ ಒಳ್ಳೆಯ ತಿಂಗಳ ಲೆಕ್ಕವನ್ನೇ ಹೇಳುವುದು. ಆದರೆ ಬಜೆಟ್ ಹಾಕಬೇಕಾದದ್ದು ಬಡ ತಿಂಗಳಿಗೆ, ಅಂದರೆ ರೂ. 23,800ಕ್ಕೆ. ದಿನಗೂಲಿ, ಆಟೋ, ಬೇಸಾಯ, ಸಣ್ಣ ಅಂಗಡಿ ನೆಚ್ಚಿದ ಎಲ್ಲ ಕುಟುಂಬಗಳಿಗೂ ಇದೇ ಮಾತು.

ಬಡ ತಿಂಗಳಿನ ಖರ್ಚು ಹೀಗಿರಬಹುದು: ಬಾಡಿಗೆ 7,000, ದಿನಸಿ, ಹಾಲು, ತರಕಾರಿ, ಗ್ಯಾಸು 8,500, ಸಾಲದ ಕಂತು 3,600, ಬಸ್ಸು, ಪೆಟ್ರೋಲು 1,800, ಔಷಧಿ 800, ಫೋನು ಮತ್ತಿತರ ಬಿಲ್ಲು 700, ದೇವಾಲಯಕ್ಕೆ ಮತ್ತು ಬಡವರಿಗೆ 300. ಒಟ್ಟು ರೂ. 22,700. ಕೈಯಲ್ಲಿ ಉಳಿಯುವುದು 1,100. ಬಿಗಿಯೇ, ಆದರೆ ನಡೆಯುತ್ತದೆ.

ಇನ್ನು ವರ್ಷಕ್ಕೊಮ್ಮೆ ಬರುವ ಖರ್ಚುಗಳು. ಮಕ್ಕಳ ಶುಲ್ಕ 30,000, ಪುಸ್ತಕ ಸಮವಸ್ತ್ರ 6,000, ಕ್ರಿಸ್ಮಸ್ 8,000, ಊರ ಹಬ್ಬ 4,000, ಸೇರಿ 48,000. ತಿಂಗಳಿಗೆ ಹಂಚಿದರೆ 4,000. ಬಡ ತಿಂಗಳಲ್ಲಿ ಇಷ್ಟು ಎತ್ತಿಡುವುದು ಆಗದ ಮಾತು. ಆದರೆ ಒಳ್ಳೆಯ ತಿಂಗಳಲ್ಲಿ 7,200 ಹೆಚ್ಚು ಬರುತ್ತದೆ. ಅಂದರೆ 8,300 ಉಳಿಯಬೇಕು. ನಾಲ್ಕು ಬಡ ತಿಂಗಳು, ಎಂಟು ಒಳ್ಳೆಯ ತಿಂಗಳು ಎಂದು ಹಿಡಿದರೆ ವರ್ಷಕ್ಕೆ ಉಳಿಯುವುದು ರೂ. 70,800. ಶುಲ್ಕ, ಹಬ್ಬ ಎಲ್ಲ ಕಳೆದ ಮೇಲೂ ಕಾಯಿಲೆ ಕಸಾಲೆಗೆಂದು 22,800 ಇರಬೇಕು.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಹಾಗಾದರೆ ಶಾಲೆ ತೆರೆಯುವ ಹೊತ್ತಿಗೆ ಈ ಮನೆಯವರು ಬಡ್ಡಿಗೆ ಸಾಲ ತರುವುದೇಕೆ? ಶುಲ್ಕ ಕಟ್ಟುವುದೂ ಮಳೆ ಹಿಡಿದು ಕೆಲಸ ನಿಲ್ಲುವುದೂ ಒಂದೇ ಕಾಲಕ್ಕೆ ಬರುತ್ತವೆ ಎಂಬುದು ಒಂದು ಕಾರಣ. ಇನ್ನೊಂದು, ಎಂಟು ಒಳ್ಳೆಯ ತಿಂಗಳಲ್ಲಿ ಉಳಿಯಬೇಕಾದ 8,300 ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಿರುವುದು. ಪುಸ್ತಕ ಬೇಕಾಗಿರುವುದು ಇಲ್ಲಿಗೆ. ಹೋದದ್ದೆಲ್ಲ ದುಂದುವೆಚ್ಚವೇ ಆಗಿರಬೇಕಿಲ್ಲ. ಅತ್ತೆಯ ಕಣ್ಣಿನ ಚಿಕಿತ್ಸೆಗೆ ಹೋಗಿರಬಹುದು, ಅಣ್ಣನ ಮಗಳ ಪ್ರಥಮ ಪರಮಪ್ರಸಾದದ ಉಡುಗೊರೆಗೆ ಹೋಗಿರಬಹುದು. (ಈ ಸಮಾರಂಭಗಳ ಕುರಿತು ಒಂದು ಮಾತು: ಎಂಟು ವರ್ಷದ ಮಗು ಸ್ವಾಮಿಯನ್ನು ಸ್ವೀಕರಿಸುವ ದಿನಕ್ಕೆ ಶಾಮಿಯಾನ, ಫ್ಲೆಕ್ಸು, ಮುನ್ನೂರು ಜನರ ಬಿರಿಯಾನಿ ಏಕೆ ಬೇಕೋ ನನಗಂತೂ ಅರ್ಥವಾಗಿಲ್ಲ.) ಸಣ್ಣ ಖರ್ಚೂ ಉಂಟು. 2016ರಲ್ಲಿ ಯುಪಿಐ ಬಂದ ಮೇಲೆ ಜೇಬಿನಿಂದ ನೋಟು ತೆಗೆಯುವ ಕಷ್ಟವೂ ಇಲ್ಲವಾಯಿತು. ದಿನಕ್ಕೆ ನಲವತ್ತು ರೂಪಾಯಿ ಚಹಾ, ತಿಂಡಿಗೆಂದು ಫೋನಿನಿಂದ ಹೋದರೆ ತಿಂಗಳಿಗೆ 1,200. ಒಂದು ಅನುಕೂಲವೆಂದರೆ ಫೋನು ಎಲ್ಲವನ್ನೂ ನೆನಪಿಟ್ಟಿರುತ್ತದೆ. ವಾರಕ್ಕೊಮ್ಮೆ ಆ ಪಟ್ಟಿಯನ್ನು ನೋಡಿ ಪುಸ್ತಕಕ್ಕೆ ಇಳಿಸಿಕೊಳ್ಳಿ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ಖಾತೆಗೆ ಬಂದ ಮೇಲೆ ಬರೆದುಕೊಳ್ಳಿ. ಬರುವ ಮುನ್ನವೇ ಲೆಕ್ಕಕ್ಕೆ ಹಿಡಿಯಬೇಡಿ. ಅದು ತಾಯಿಯ ಹೆಸರಿಗೆ ಬರುವ ಹಣ. ಶಾಲೆಯ ಡಬ್ಬಿಗೋ ಮನೆಯ ಕಷ್ಟಕ್ಕೋ ಎಂಬುದನ್ನು ಆಕೆಯೇ ಹೇಳಲಿ.

ಸಾಲದ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ‘ನೂರಕ್ಕೆ ಐದು ರೂಪಾಯಿ ಬಡ್ಡಿ’ ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ ಅರವತ್ತು. ಶುಲ್ಕಕ್ಕೆಂದು ಇಪ್ಪತ್ತು ಸಾವಿರ ತಂದರೆ ತಿಂಗಳಿಗೆ ಸಾವಿರ ಬಡ್ಡಿ. ಹತ್ತು ತಿಂಗಳಲ್ಲಿ ಹತ್ತು ಸಾವಿರ ಕೊಟ್ಟಿರುತ್ತೀರಿ, ಅಸಲು ಇಪ್ಪತ್ತು ಸಾವಿರ ಹಾಗೆಯೇ ನಿಂತಿರುತ್ತದೆ. ಒಡವೆ ಇರುವವರು ಮರ್ಯಾದೆಗೆ ಅಂಜಿ ಬ್ಯಾಂಕಿಗೆ ಹೋಗದೆ ಇಂಥ ಸಾಲಕ್ಕೆ ಕೈಯೊಡ್ಡುವುದುಂಟು. ಇದು ತಪ್ಪು ಮರ್ಯಾದೆ. ಬ್ಯಾಂಕಿನ ಒಡವೆ ಸಾಲದ ಬಡ್ಡಿ ಇದರ ಹತ್ತಿರವೂ ಬರುವುದಿಲ್ಲ.

ವಾರದ ಕಂತಿನ ಗುಂಪು ಸಾಲಗಳಿಗೆ ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ಮಿತಿ ಹಾಕಿತು. ವರ್ಷಕ್ಕೆ ಮೂರು ಲಕ್ಷದವರೆಗೆ ವರಮಾನವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಇಂಥ ಸಾಲವೂ ಸೇರಿ, ಆ ಮನೆಯ ಎಲ್ಲ ಸಾಲಗಳ ಕಂತು ತಿಂಗಳ ವರಮಾನದ ಅರ್ಧವನ್ನು ದಾಟಕೂಡದು. ಇದು ಸಾಲ ಕೊಡುವವರಿಗೆ ಹಾಕಿದ ಮಿತಿ. ಅಷ್ಟರವರೆಗೆ ಸಾಲ ಮಾಡಬಹುದೆಂದು ನಮಗೆ ಕೊಟ್ಟ ಸಲಹೆಯಲ್ಲ. ಮೇಲೆ ಹೇಳಿದ ಮನೆಯಲ್ಲಿ ಅರ್ಧ ವರಮಾನ ಕಂತಿಗೆ ಹೋದರೆ ಬಡ ತಿಂಗಳಲ್ಲಿ ಬಾಡಿಗೆ ಕಳೆದು ಊಟಕ್ಕೂ ಔಷಧಿಗೂ ಸೇರಿ ಐದು ಸಾವಿರ ಉಳಿಯುವುದಿಲ್ಲ. ಕಂತು ವಸೂಲಿಗೆ ಬಂದವರು ಬೆದರಿಸಿದರೆ, ಅವಮಾನ ಮಾಡಿದರೆ ಸಹಿಸಿ ಸುಮ್ಮನಿರಬೇಕಿಲ್ಲ. ಅದನ್ನು ತಡೆಯಲೆಂದೇ ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪೊಲೀಸರಿಗೆ ದೂರು ಕೊಡಬಹುದು.

ಬಡವರ ಪಾಲನ್ನು ಪುಸ್ತಕದ ಯಾವ ಸಾಲಿನಲ್ಲಿ ಬರೆಯಬೇಕು? ಉಳಿದರೆ ಕೊಡೋಣ ಎಂದು ಕೊನೆಯಲ್ಲಿ ಬರೆದರೆ ಅದು ಎಂದೂ ಉಳಿಯುವುದಿಲ್ಲ. ಸಂತ ಪೌಲರು ಕೊರಿಂಥದ ಸಭೆಗೆ ಹೇಳಿಕೊಟ್ಟ ಕ್ರಮ ಬಹಳ ಸರಳ: ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ಪ್ರತ್ಯೇಕವಾಗಿ ತೆಗೆದಿಡಬೇಕು (1 ಕೊರಿಂಥ 16:2). ಮೊದಲ ದಿನ ಎಂಬುದನ್ನೂ ಸಂಪಾದನೆಗೆ ತಕ್ಕಂತೆ ಎಂಬುದನ್ನೂ ಗಮನಿಸಿ. ಕಡಿಮೆ ಇದ್ದಾಗ ಕಡಿಮೆಯಲ್ಲಿಯೇ ಕೊಡಲು ಅಂಜಬೇಡವೆಂದು ತೋಬಿತನೂ ಮಗನಿಗೆ ಬುದ್ಧಿ ಹೇಳುತ್ತಾನೆ (ತೋಬಿತ 4:8). ಹರಕೆಯ ಹೆಸರಿನಲ್ಲಿ ಸಾಲ ತಂದು ಕಾಣಿಕೆ ಹಾಕುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸು ಆಕೆಯ ಸ್ವಂತದ್ದು.

ಇಲ್ಲಿಗೆ ಬಂದಾಗ ಕೆಲವು ತಾಯಂದಿರು ಮನಸ್ಸಿನಲ್ಲೇ ಕೇಳುತ್ತಿರಬಹುದು: ‘ನಮ್ಮ ಮನೆಯವರು ಕುಡಿಯುತ್ತಾರೆ, ಅಕ್ಕಿ ಡಬ್ಬಿಯಲ್ಲಿ ನಾನು ಮುಚ್ಚಿಟ್ಟ ಹಣವನ್ನೂ ಪುಸ್ತಕದಲ್ಲಿ ಬರೆದು ತೋರಿಸಬೇಕೇ?’ ಬೇಡ. ಕುಡಿತವೋ ಹೊಡೆತವೋ ಇರುವ ಮನೆಯಲ್ಲಿ ಮಕ್ಕಳ ಅನ್ನಕ್ಕೆಂದು ತಾಯಿ ಎತ್ತಿಟ್ಟ ಹಣ ವಂಚನೆಯಲ್ಲ. ಹಾಗೆಂದು ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡು ಅಳುವವರಿದ್ದಾರೆ. ಅಂಥ ಮನೆಗೆ ಮೊದಲು ಬೇಕಾದುದು ಲೆಕ್ಕದ ಪುಸ್ತಕವಲ್ಲ. ಗುರುಗಳ ಬಳಿಯೋ ನಂಬಿಕೆಯ ಸಿಸ್ಟರ್ ಒಬ್ಬರ ಬಳಿಯೋ ಬಾಯಿಬಿಟ್ಟು ಹೇಳುವುದು, ಕುಡಿತ ಬಿಡಿಸುವ ಚಿಕಿತ್ಸೆಗೆ ದಾರಿ ಹುಡುಕುವುದು. ಆ ಡಬ್ಬಿಗಿಂತ ಬ್ಯಾಂಕಿನಲ್ಲಿ ತಾಯಿಯ ಹೆಸರಿನ ಖಾತೆ ಹೆಚ್ಚು ಕ್ಷೇಮ.

ಮೂರು ತಿಂಗಳು ಸತ್ಯವಾಗಿ ಬರೆದ ಮೇಲೂ ಲೆಕ್ಕ ಕೂಡಿ ಬರದ ಮನೆಗಳಿವೆ. ದುಂದಿಲ್ಲ, ಕುಡಿತವಿಲ್ಲ, ಆದರೂ ಸಾಲದು. ಆಗ ನಿಮ್ಮ ಮೇಲೆ ನೀವೇ ತಪ್ಪು ಹೊರಿಸಿಕೊಳ್ಳಬೇಡಿ. ದುಡಿಮೆಗಾರನ ಕೂಲಿ ಅವನು ಮಾನವಾಗಿ ಬಾಳುವಷ್ಟಿರಬೇಕೆಂದು ಜಗದ್ಗುರು 13ನೇ ಲಿಯೋ 1891ರಲ್ಲಿಯೇ ತಮ್ಮ ‘ರೇರುಂ ನೋವಾರುಂ’ ಪತ್ರದಲ್ಲಿ ಬರೆದರು. ಸಂಬಳವು ಕುಟುಂಬವನ್ನು ಸಾಕಲು ಸಾಲುವಂತಿರಬೇಕೆಂದು ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ಸ್ಪಷ್ಟಪಡಿಸಿದರು. ಕೂಲಿಯೇ ಸಾಲದಿದ್ದಾಗ ಎಷ್ಟು ಚೆನ್ನಾಗಿ ಲೆಕ್ಕ ಬರೆದರೂ ಅಕ್ಕಿ ಹೆಚ್ಚುವುದಿಲ್ಲ. ಸಂತ ವಿನ್ಸೆಂಟ್ ದೆ ಪೌಲ್ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದದ್ದು ಇಂಥ ಮನೆಗಳ ಬಾಗಿಲಿಗೆ ಹೋಗಲೆಂದೇ. ನಿಮ್ಮ ಧರ್ಮಕೇಂದ್ರದಲ್ಲಿ ಅದು ಇದ್ದರೆ ಕೇಳಲು ಸಂಕೋಚಪಡಬೇಡಿ. ಪುಸ್ತಕವನ್ನು ಜೊತೆಗೆ ಒಯ್ಯಿರಿ. ಎಷ್ಟು ಕೊರತೆ, ಯಾವ ತಿಂಗಳು ಎಂದು ತೋರಿಸಬಲ್ಲವರಿಗೆ ನೆರವು ನೀಡುವುದು ಸುಲಭ.

ತಿಂಗಳ ಮೊದಲ ಭಾನುವಾರ, ಪೂಜೆ ಮುಗಿಸಿ ಬಂದು ತಿಂಡಿಯಾದ ಮೇಲೆ, ಅರ್ಧ ಗಂಟೆ ಇಬ್ಬರೂ ಪುಸ್ತಕದ ಮುಂದೆ ಕುಳಿತುಕೊಳ್ಳಿ. ಟಿ.ವಿ. ಬೇಡ, ಫೋನನ್ನು ಲೆಕ್ಕಕ್ಕೆ ಮಾತ್ರ ಬಳಸಿ. ಹನ್ನೆರಡು ಹದಿಮೂರು ದಾಟಿದ ಮಗನೋ ಮಗಳೋ ಇದ್ದರೆ ಕೂಡುವ ಕೆಲಸವನ್ನು ಅವರಿಗೆ ಕೊಡಿ. ಮನೆಗೆ ಅಕ್ಕಿ ಎಷ್ಟಕ್ಕೆ ಬರುತ್ತದೆಂದು ತಿಳಿದ ಮಗು ಶೂ ಕೇಳುವಾಗ ಸ್ವಲ್ಪ ಯೋಚಿಸುತ್ತದೆ. ಆದರೆ ಸಾಲದ ಮಾತು ಬಂದಾಗ ಅವರನ್ನು ಹೊರಗೆ ಕಳುಹಿಸಿ. ಆ ಹೆದರಿಕೆಯನ್ನು ಅವರು ಹೊರುವುದು ಬೇಡ.

ಮುಚ್ಚಿಟ್ಟ ಸಾಲವೊಂದು ನಿಮ್ಮಲ್ಲಿದ್ದರೆ, ಬರುವ ಭಾನುವಾರಕ್ಕೆ ಕಾಯಬೇಡಿ, ಇಂದೇ ಹೇಳಿ. ಯಾರಿಂದ, ಎಷ್ಟು, ಎಂದು, ಯಾವ ಬಡ್ಡಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡುವುದು ಮಾತಿಗಿಂತ ಸುಲಭವಾಗಬಹುದು. ಕೇಳಿಸಿಕೊಳ್ಳುವವರಿಗೂ ಒಂದು ಬಿನ್ನಹ: ಆ ದಿನ ಉತ್ತರ ಕೊಡಬೇಡಿ. ಕೋಪ ಬರುತ್ತದೆ, ಬರಲಿ. ಹಾಳೆಯನ್ನು ಪುಸ್ತಕದೊಳಗಿಟ್ಟು, ಮಾರನೆಯ ದಿನ ಸಂಜೆ ಇಬ್ಬರೂ ಕುಳಿತು ಆ ಸಾಲಗಳಲ್ಲಿ ಯಾವುದರ ಬಡ್ಡಿ ಹೆಚ್ಚೋ ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ.